ಹನ್ನೊಂದು ಪ್ರಿಂಟರ್‌ಗಳಲ್ಲಿ ಬದಲಿಸಬೇಕಾದವು ಎಷ್ಟು?

ಪ್ರಶ್ನೆ: ನಮ್ಮದು ವಿಜಯಪುರದಲ್ಲಿ ಪ್ರಧಾನ ಕಚೇರಿ ಇರುವ ಪತ್ತಿನ ಸಹಕಾರಿ ಸಂಘ. ಸಿಂದಗಿ, ಇಂಡಿ, ಮುದ್ದೇಬಿಹಾಳ, ತಾಳಿಕೋಟೆಗಳಲ್ಲಿ ಶಾಖೆಗಳಿವೆ. ಪಾಸ್‌ಬುಕ್ ಯಂತ್ರಗಳನ್ನು ಬಿಟ್ಟು ಒಟ್ಟು ಹನ್ನೊಂದು ಪ್ರಿಂಟರ್‌ಗಳಿವೆ. ಪ್ರಧಾನ ಕಚೇರಿಯಲ್ಲಿ ಆರು, ಸಿಂದಗಿಯಲ್ಲಿ ಎರಡು, ಉಳಿದ ಶಾಖೆಗಳಲ್ಲಿ ಒಂದೊಂದು. ಹೆಚ್ಚಿನವು ಹಳೆಯವು. ಕಳೆದ ವರ್ಷ ಮುದ್ರಣ ಮತ್ತು ಲೇಖನ ಸಾಮಗ್ರಿಯ ತಲೆಬರಹದಲ್ಲಿ 2,85,000 ರೂಪಾಯಿ ಹೋಗಿದೆ. ಎಲ್ಲವನ್ನೂ ತೆಗೆದು ಹೊಸ ಯಂತ್ರಗಳನ್ನು ಬಾಡಿಗೆಗೆ ಇಡುತ್ತೇವೆ, ಪುಟಕ್ಕೆ 75 ಪೈಸೆ, ಪ್ರತಿ ಯಂತ್ರಕ್ಕೆ ತಿಂಗಳಿಗೆ ಕನಿಷ್ಠ 2,000 ಪುಟ, ಐದು ವರ್ಷದ ಕರಾರು, ಕಾಗದ ನಿಮ್ಮದು ಎಂದು ಒಬ್ಬ ಮಾರಾಟಗಾರರು ಹೇಳಿದ್ದಾರೆ. ನಾಲ್ಕು ಯಂತ್ರಗಳ ಮಾಸಿಕ ಪುಟಗಳು ಮಾತ್ರ ನಮಗೆ ಸಿಕ್ಕಿವೆ: ಸಾಲ ವಿಭಾಗ 1,800, ಇಂಡಿ ಶಾಖೆ 350, ಅಧ್ಯಕ್ಷರ ಕೊಠಡಿ 120, ಹಾಲ್‌ನಲ್ಲಿರುವ ಝೆರಾಕ್ಸ್ ಯಂತ್ರ 4,200. ಉಳಿದ ಏಳರಲ್ಲಿ ಪುಟ ಎಣಿಸುವ ಮೀಟರ್ ಎಲ್ಲಿದೆ? ಎಲ್ಲಕ್ಕಿಂತ ಹಳೆಯದಾದ ಇಂಡಿಯ ಯಂತ್ರವನ್ನು ಮೊದಲು ಬದಲಿಸಲು ಮಂಡಳಿ ಹೊರಟಿದೆ. ಬಿಲ್ಲುಗಳ ಪ್ರತಿ, ಯಂತ್ರಗಳ ಪಟ್ಟಿ, ಮುದ್ರಣದ ಮಾದರಿ ಹಾಳೆಗಳನ್ನು ಲಗತ್ತಿಸಿದ್ದೇವೆ. ಆಡಳಿತ ಮಂಡಳಿಗೆ ಏನು ಹೇಳಲಿ?
– ಕಾರ್ಯದರ್ಶಿ, ವಿಜಯಪುರ

ಉತ್ತರ: ಕಾರ್ಯದರ್ಶಿಯವರೇ, ಮೊದಲು ಮಂಡಳಿಗೆ ಬೇಕಾದ ಉತ್ತರ. ಹನ್ನೊಂದನ್ನೂ ಒಟ್ಟಿಗೆ ಬದಲಿಸಬೇಡಿ. ನೀವು ಕಳುಹಿಸಿದ ಕಾಗದಗಳ ಪ್ರಕಾರ ಬಾಡಿಗೆಗೆ ಯೋಗ್ಯವಾದದ್ದು ಒಂದೇ ಯಂತ್ರ, ಜಾಗ ಬದಲಿಸಬೇಕಾದವು ಎರಡು. ಏಳು ಯಂತ್ರಗಳ ಅಂಕಿಯೇ ಇಲ್ಲ; ಅವು ಬರುವವರೆಗೆ ಅವುಗಳ ಬಗ್ಗೆ ಠರಾವು ಮಾಡಬೇಡಿ. ಈ ತೀರ್ಮಾನಕ್ಕೆ ಹೇಗೆ ಬಂದೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ಉಳಿದ ಏಳಕ್ಕೂ ಇದೇ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು.

2,85,000 ರೂಪಾಯಿ ಎಂಬ ಮೊತ್ತವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆ ತಲೆಬರಹದಲ್ಲಿ ಪ್ರೆಸ್ಸಿನಿಂದ ಬಂದ ಪಾವತಿ ಪುಸ್ತಕ, ಸಾಲದ ಅರ್ಜಿ ನಮೂನೆ, ವಾರ್ಷಿಕ ಸಭೆಯ ವರದಿ, ಫೈಲು, ಪೆನ್ನು ಎಲ್ಲವೂ ಸೇರಿವೆ. ಪ್ರಿಂಟರ್ ಬದಲಿಸಿದರೆ ಇವುಗಳಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಟೋನರ್ (ಲೇಸರ್ ಯಂತ್ರದ ಪುಡಿ ಮಸಿ), ರೀಫಿಲ್, ಡ್ರಮ್ (ಆ ಮಸಿಯನ್ನು ಹಾಳೆಗೆ ಒತ್ತುವ ಉರುಳೆ), ರಿಪೇರಿ, ಖಾಲಿ ಕಾಗದ ಇಷ್ಟನ್ನೇ ಬೇರೆ ಮಾಡಿ, ಪ್ರತಿ ಬಿಲ್ಲಿನ ಮೇಲೆ ಅದು ಯಾವ ಯಂತ್ರದ್ದು ಎಂದು ಬರೆಯಿರಿ. ಹಳೆಯ ಬಿಲ್ಲುಗಳಲ್ಲಿ ‘ಪ್ರಿಂಟರ್ ದುರಸ್ತಿ’ ಎಂದಷ್ಟೇ ಇದ್ದರೆ ರಿಪೇರಿಯವರ ಬಳಿ ಕುಳಿತು ನೆನಪಿಸಿಕೊಂಡು ಬರೆಯಿಸಿ. ಬೇಸರದ ಕೆಲಸ, ಆದರೆ ಇದಿಲ್ಲದೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಈಗ ಸಾಲ ವಿಭಾಗದ ಯಂತ್ರ. ತಿಂಗಳಿಗೆ 1,800 ಎಂದರೆ ವರ್ಷಕ್ಕೆ 21,600 ಪುಟ. ರೀಫಿಲ್‌ಗೆ 350 ರೂಪಾಯಿ, ಒಂದು ರೀಫಿಲ್ ಸುಮಾರು 1,200 ಪುಟ ಬರುತ್ತದೆ ಎಂದು ನಿಮ್ಮ ಸಿಬ್ಬಂದಿ ಬರೆದಿದ್ದಾರೆ. ಪುಟಕ್ಕೆ 29 ಪೈಸೆ. ಮೂರು ರೀಫಿಲ್‌ಗೆ ಒಮ್ಮೆ 250 ರೂಪಾಯಿಯ ಡ್ರಮ್. ಅದು 7 ಪೈಸೆ. ಕಳೆದ ವರ್ಷದ ರಿಪೇರಿ 6,400 ರೂಪಾಯಿ. ಪುಟಕ್ಕೆ ಹಂಚಿದರೆ 30 ಪೈಸೆ. 500 ಹಾಳೆಯ ರೀಮ್ ನಿಮಗೆ 275 ರೂಪಾಯಿಗೆ ಬರುತ್ತಿದೆ, ಅಂದರೆ ಹಾಳೆಗೆ 55 ಪೈಸೆ. ಒಟ್ಟು ಪುಟಕ್ಕೆ ಒಂದು ರೂಪಾಯಿ 21 ಪೈಸೆ.

ಈ ನಾಲ್ಕು ಅಂಕಿಗಳಲ್ಲಿ ದೊಡ್ಡದು ಯಾವುದು ನೋಡಿ. ಕಾಗದ! ಟೋನರ್ ಬಗ್ಗೆಯೇ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಮಾರಾಟಗಾರರೂ ಅದನ್ನೇ ಮುಂದಿಡುತ್ತಾರೆ. ಕಂಪನಿಯ ಅಸಲಿ ಕಾರ್ಟ್ರಿಡ್ಜನ್ನೇ ಹಾಕುವ ಕಚೇರಿಯಲ್ಲಿ ಆ ಮಾತು ನಿಜ; ಚಿಕ್ಕ ಲೇಸರ್ ಯಂತ್ರದ ಅಸಲಿ ಕಾರ್ಟ್ರಿಡ್ಜ್ ದುಬಾರಿ, ಬರುವುದು 1,500 ಅಥವಾ 2,000 ಪುಟ. ನಮ್ಮ ಊರುಗಳಲ್ಲಿ ರೀಫಿಲ್ ಮಾಡುವವರು ಬೀದಿಗೊಬ್ಬರಂತೆ ಇದ್ದಾರೆ. ಹೀಗಾಗಿ ಟೋನರ್ ವೆಚ್ಚ ಆಗಲೇ ಇಳಿದಿದೆ, ಅದರಲ್ಲಿ ಇನ್ನು ಉಳಿಸುವುದಕ್ಕೆ ಹೆಚ್ಚೇನೂ ಇಲ್ಲ. ಹಣ ಸೋರುತ್ತಿರುವುದು ಒಂದೇ ಬದಿಗೆ ಮುದ್ರಿಸುವ ಕಾಗದದಲ್ಲಿ, ಪದೇ ಪದೇ ಬರುವ ರಿಪೇರಿಯಲ್ಲಿ. ಆದ್ದರಿಂದ ನಿಮ್ಮ ಮಟ್ಟಿಗೆ ಹೊಸ ಯಂತ್ರದಲ್ಲಿ ನೋಡಬೇಕಾದ ಮೊದಲ ಗುಣ, ತಾನೇ ಹಾಳೆ ತಿರುವಿ ಎರಡೂ ಬದಿ ಮುದ್ರಿಸುವ ಡ್ಯುಪ್ಲೆಕ್ಸ್ ಸೌಲಭ್ಯ.

ಸಾಲ ವಿಭಾಗದಲ್ಲಿ 15,000 ರೂಪಾಯಿಯ ಡ್ಯುಪ್ಲೆಕ್ಸ್ ಲೇಸರ್ ಇಟ್ಟರೆ ಏನಾಗುತ್ತದೆ? ಸಾಲದ ಫೈಲಿನಲ್ಲಿ ಹಲವು ಪುಟಗಳ ದಾಖಲೆಗಳೇ ಹೆಚ್ಚು. ನೂರರಲ್ಲಿ 60 ಪುಟ ಎರಡೂ ಬದಿಗೆ ಹೋಗಬಹುದು ಎಂದುಕೊಳ್ಳೋಣ. ಕರಾರುಪತ್ರಗಳಲ್ಲಿ ಎಲ್ಲವನ್ನೂ ಹಾಗೆ ಮಾಡಲಾಗದು, ಅದಕ್ಕೇ 60 ಎಂದೆ. ವರ್ಷಕ್ಕೆ 6,480 ಹಾಳೆ, 3,564 ರೂಪಾಯಿ ಉಳಿಯುತ್ತದೆ. ರಿಪೇರಿ 6,400ರಿಂದ 1,000ಕ್ಕೆ ಇಳಿದರೆ 5,400. ಹೊಸ ಯಂತ್ರದ ಟೋನರ್ ಪುಟಕ್ಕೆ 4 ಪೈಸೆ ಹೆಚ್ಚೇ ಬೀಳಲಿ, 864 ಕಳೆಯಿರಿ. ನಿವ್ವಳ ಉಳಿತಾಯ 8,100 ರೂಪಾಯಿ. ಹಾಕಿದ ಹಣ ಸುಮಾರು 22 ತಿಂಗಳಲ್ಲಿ ವಾಪಸ್ಸು. ಎರಡು ವರ್ಷದೊಳಗೆ ಹಣ ಹಿಂದಿರುಗುವ ಯಂತ್ರವನ್ನು ಬದಲಿಸಬಹುದು ಎಂಬುದು ನಾನು ಅನುಸರಿಸುವ ಮಿತಿ. ಮೂರು ವರ್ಷ ದಾಟಿದರೆ ಬೇಡ ಎನ್ನುತ್ತೇನೆ. ನಡುವೆ ಇದ್ದರೆ ಆ ಯಂತ್ರ ನಿಂತಾಗ ಕೆಲಸ ಎಷ್ಟು ಕೆಡುತ್ತದೆ ಎಂದು ವಿಚಾರಿಸುತ್ತೇನೆ.

ಇಂಡಿಯದ್ದು ನಿಮ್ಮಲ್ಲಿರುವ ಎಲ್ಲಕ್ಕಿಂತ ಹಳೆಯ ಯಂತ್ರ. ಮಂಡಳಿಯವರು ಮೊದಲು ಬದಲಿಸಲು ಹೊರಟದ್ದೂ ಅದನ್ನೇ ಎಂದು ಬರೆದಿದ್ದೀರಿ. ವರ್ಷಕ್ಕೆ 4,200 ಪುಟ, ರಿಪೇರಿ 900 ರೂಪಾಯಿ. ಪುಟದ ವೆಚ್ಚ ಒಂದು ರೂಪಾಯಿ 12 ಪೈಸೆ, ಸಾಲ ವಿಭಾಗದ್ದಕ್ಕಿಂತ ಕಡಿಮೆ. ಅಲ್ಲಿ ಬಹುಪಾಲು ಒಂದು ಪುಟದ ರಸೀದಿ, ಪತ್ರಗಳು. ಎರಡೂ ಬದಿಗೆ ಹೋಗುವುದು ನೂರಕ್ಕೆ 20 ಎಂದಿಟ್ಟರೂ ಕಾಗದದಲ್ಲಿ ಉಳಿಯುವುದು 231 ರೂಪಾಯಿ. ರಿಪೇರಿಯನ್ನು ಪೂರ್ತಿ ಸೊನ್ನೆ ಮಾಡಿದರೂ, ಟೋನರ್‌ನ ಹೆಚ್ಚುವರಿ ಕಳೆದು, ವರ್ಷಕ್ಕೆ ಸಾವಿರ ರೂಪಾಯಿಯೂ ಆಗುವುದಿಲ್ಲ. 15,000 ರೂಪಾಯಿ ವಾಪಸ್ಸು ಬರುವುದಕ್ಕೆ 15 ವರ್ಷ ದಾಟುತ್ತದೆ. ಅದು ಕೆಡುವವರೆಗೂ ಅಲ್ಲೇ ಇರಲಿ. ಯಂತ್ರದ ವಯಸ್ಸನ್ನು ನೋಡಿ ತೀರ್ಮಾನ ಮಾಡಿದ ಕಚೇರಿಗಳು ಕಡಿಮೆ ಕೆಲಸದ ಯಂತ್ರಗಳನ್ನು ಹೊಸದು ಮಾಡಿ, ದುಡಿದು ಸವೆದದ್ದನ್ನು ಹಾಗೆಯೇ ಬಿಡುವುದನ್ನು ಬಾಗಲಕೋಟೆ, ಬೆಳಗಾವಿಗಳಲ್ಲೂ ಕಂಡಿದ್ದೇನೆ. ಆ ಹಣ ಸದಸ್ಯರದ್ದು ಎಂಬ ಕಾರಣಕ್ಕೇ ಈ ವಿಷಯದಲ್ಲಿ ನನಗೆ ಇಷ್ಟು ಹಟ.

ಇನ್ನೊಂದು ಸಂಗತಿಯನ್ನು ನೀವು ಗಮನಿಸಿರಲಿಕ್ಕಿಲ್ಲ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೊಸತು, ಡ್ಯುಪ್ಲೆಕ್ಸ್ ಇರುವ ಒಂದೇ ಲೇಸರ್, ಅಧ್ಯಕ್ಷರ ಕೊಠಡಿಯಲ್ಲಿದೆ. ತಿಂಗಳಿಗೆ 120 ಪುಟ! ಅದನ್ನು ಸಾಲ ವಿಭಾಗಕ್ಕೆ ತನ್ನಿ. ಅಲ್ಲಿನ ಹಳೆಯದಕ್ಕೆ ಹಾಳೆ ಎಳೆಯುವ ಹೊಸ ರೋಲರ್ ಹಾಕಿಸಿ ಅಧ್ಯಕ್ಷರ ಕೊಠಡಿಗೆ ಕೊಡಿ. 120 ಪುಟಕ್ಕೆ ಅದು ವರ್ಷಗಟ್ಟಲೆ ಸಾಕು. ಮೇಲೆ ಹೇಳಿದ ಉಳಿತಾಯ ಹೊಸ ಖರೀದಿ ಇಲ್ಲದೆಯೇ ಕೈಗೆ ಬರುತ್ತದೆ. ಒಂದನ್ನು ಮಾತ್ರ ಪರೀಕ್ಷಿಸಿ: ಕೈಪಿಡಿಯಲ್ಲಿ ಎರಡು ಅಂಕಿ ಇರುತ್ತವೆ. ತಿಂಗಳ ಗರಿಷ್ಠ ಪುಟ ಎಂದು 10,000ದಂತಹ ದೊಡ್ಡ ಸಂಖ್ಯೆ ಒಂದು, ಶಿಫಾರಸು ಮಾಡಿದ ಪುಟ ಎಂದು ಸಣ್ಣದು ಇನ್ನೊಂದು. ನಂಬಬೇಕಾದದ್ದು ಎರಡನೆಯದನ್ನು. ಅದು 2,000ದ ಆಸುಪಾಸಿನಲ್ಲಿದ್ದರೆ 1,800 ಪುಟದ ಕೆಲಸವನ್ನು ಅದಕ್ಕೆ ಧೈರ್ಯವಾಗಿ ವಹಿಸಬಹುದು. ಅಧ್ಯಕ್ಷರಿಗೆ ಹೇಳುವುದು ಮುಜುಗರ ಎನಿಸಿದರೆ ಈ ಲೆಕ್ಕವನ್ನೇ ಅವರ ಮುಂದಿಡಿ. ಸಹಕಾರಿ ಸಂಘದ ಅಧ್ಯಕ್ಷರು ಇಂಥ ಲೆಕ್ಕವನ್ನು ತಳ್ಳಿಹಾಕುವುದು ಅಪರೂಪ.

ಉಳಿದ ಏಳು ಯಂತ್ರಗಳ ಮೀಟರ್ ಎಲ್ಲಿದೆ ಎಂದು ಕೇಳಿದ್ದೀರಿ. ಪರದೆ ಇರುವ ಯಂತ್ರದಲ್ಲಿ ಮೆನುವಿನ ರಿಪೋರ್ಟ್ ವಿಭಾಗದಿಂದ ಕಾನ್ಫಿಗರೇಶನ್ ಪುಟ ತೆಗೆಯಬಹುದು. ಅದರಲ್ಲಿ ಯಂತ್ರ ಹುಟ್ಟಿದಾಗಿನಿಂದ ಮುದ್ರಿಸಿದ ಒಟ್ಟು ಪುಟಗಳ ಸಂಖ್ಯೆ ಇರುತ್ತದೆ. ಗುಂಡಿಗಳಷ್ಟೇ ಇರುವ ಚಿಕ್ಕ ಲೇಸರ್‌ಗಳಲ್ಲಿ ಕಂಪ್ಯೂಟರಿನ ಪ್ರಿಂಟರ್ ಪ್ರಾಪರ್ಟೀಸ್ ಒಳಗಿಂದ ಅದೇ ಪುಟವನ್ನು ತೆಗೆಸಬೇಕು. ಆ ಒಂದು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಬೇಕು. ಪ್ರತಿ ತಿಂಗಳ ಮೊದಲ ಕೆಲಸದ ದಿನ ಆ ಹಾಳೆ ತೆಗೆದು ದಿನಾಂಕ ಹಾಕಿ ಒಂದು ಫೈಲಿನಲ್ಲಿಡಿ. ಮೂರು ತಿಂಗಳ ಅಂಕಿ ಸಾಕು, ಆದರೆ ಅದರಲ್ಲಿ ಮಾರ್ಚ್ ಅಥವಾ ವಾರ್ಷಿಕ ಸಭೆಯ ಸೆಪ್ಟೆಂಬರ್ ಒಂದಾದರೂ ಇರಲಿ. ಬರೀ ಜೂನ್, ಜುಲೈ ಅಂಕಿ ಹಿಡಿದರೆ ವರ್ಷದ ಭಾರ ಗೊತ್ತಾಗದು.

ಟೋನರ್ ಬದಲಿಸಿದಾಗಲೂ ಆ ಹೊತ್ತಿನ ಮೀಟರ್ ಅಂಕಿಯನ್ನು ಕಾರ್ಟ್ರಿಡ್ಜಿನ ಮೇಲೆ ಚೀಟಿ ಅಂಟಿಸಿ ಬರೆಯಿರಿ. ಡಬ್ಬಿಯ ಮೇಲಿನ ಪುಟಸಂಖ್ಯೆ ಐಎಸ್‌ಒ/ಐಇಸಿ 19752 ಎಂಬ ಮಾನದಂಡದಂತೆ ನಿಗದಿತ ಮಾದರಿ ಪುಟಗಳನ್ನು ಬಿಡದೆ ಮುದ್ರಿಸಿ ಪಡೆದದ್ದು. ಪುಟದ ಸುಮಾರು 5 ಶೇಕಡಾ ಭಾಗದಲ್ಲಷ್ಟೇ ಮಸಿ ಎಂಬ ಲೆಕ್ಕ. ನಿಮ್ಮ ಖಾತೆ ಉತಾರೆಯ ಸುತ್ತ ಚೌಕಟ್ಟು, ತಲೆಬರಹದಲ್ಲಿ ಬೂದು ಬಣ್ಣ, ಮೇಲೆ ಸಂಘದ ಲಾಂಛನ ಇವೆ. ಮಸಿ ಹೆಚ್ಚೇ ಹೋಗುತ್ತದೆ. ಅಲ್ಲದೆ ಒಂದೊಂದೇ ಪುಟ ಮುದ್ರಿಸಿದರೆ ಪ್ರತಿ ಸಲವೂ ಕೆಲಸಕ್ಕೆ ಮುಂಚೆ, ಮುಗಿದ ಮೇಲೆ ಡ್ರಮ್ ಸುಮ್ಮನೆ ಸುತ್ತುತ್ತದೆ. ಅದರ ಸವೆತ ಹೆಚ್ಚು. ಕೌಂಟರಿನ ಯಂತ್ರಗಳಲ್ಲಿ ಡ್ರಮ್ ಬೇಗ ಹೋಗುವುದಕ್ಕೆ ಇದೇ ಕಾರಣ, ರೀಫಿಲ್ ಮಾಡುವವರ ತಪ್ಪೇ ಇರಬೇಕೆಂದಿಲ್ಲ.

ನೆಟ್‌ವರ್ಕ್ ತಂತಿ ಅಥವಾ ವೈಫೈ ಮೂಲಕ ಜೋಡಿಸಿದ ಯಂತ್ರಗಳ ಮೀಟರನ್ನು ಎಸ್‌ಎನ್‌ಎಂಪಿ ಎಂಬ ವ್ಯವಸ್ಥೆಯಿಂದ ಕುಳಿತಲ್ಲಿಯೇ ಓದಬಹುದು. ಮಾರಾಟಗಾರರ ತಂತ್ರಾಂಶಗಳು ಮಾಡುವುದು ಅದನ್ನೇ. ಯುಎಸ್‌ಬಿ ತಂತಿಯಲ್ಲಿರುವ ಯಂತ್ರಗಳು ಅದಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ, ನಿಮ್ಮಲ್ಲಿ ಹೆಚ್ಚಿನವು ಹಾಗೇ ಇವೆ. ಅಲ್ಲಿ ವಿಂಡೋಸ್ ನೆರವಾಗುತ್ತದೆ. ಕಂಪ್ಯೂಟರಿನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್ ತೆರೆದು ಮೈಕ್ರೋಸಾಫ್ಟ್, ವಿಂಡೋಸ್, ಪ್ರಿಂಟ್‌ಸರ್ವಿಸ್ ಎಂದು ಒಳಗೆ ಹೋಗಿ ಆಪರೇಷನಲ್ ಎಂಬ ದಾಖಲೆಯನ್ನು ಚಾಲೂ ಮಾಡಿ. ಸಾಮಾನ್ಯವಾಗಿ ಅದು ಬಂದ್ ಇರುತ್ತದೆ. ಅದರ ಗಾತ್ರವೂ ಸುಮಾರು ಒಂದು ಎಂಬಿ ಮಾತ್ರ. ಹೆಚ್ಚಿಸದಿದ್ದರೆ ಹೊಸ ನಮೂದು ಬಂದಂತೆ ಹಳೆಯದು ಅಳಿದುಹೋಗುತ್ತದೆ. ಆಮೇಲೆ ಪ್ರತಿ ಮುದ್ರಣಕ್ಕೂ 307 ಸಂಖ್ಯೆಯ ನಮೂದು ಬೀಳುತ್ತದೆ: ಯಾರು, ಯಾವಾಗ, ಯಾವ ಪ್ರಿಂಟರ್‌ನಲ್ಲಿ, ಎಷ್ಟು ಪುಟ. ಹಲವು ಪ್ರತಿ ತೆಗೆದಾಗ ಪುಟದ ಎಣಿಕೆ ಕೆಲವೊಮ್ಮೆ ಕಡಿಮೆ ಬರುತ್ತದೆ, ಆದ್ದರಿಂದ ಒಟ್ಟು ಲೆಕ್ಕಕ್ಕೆ ಮೀಟರೇ ಪ್ರಮಾಣ. ಈ ದಾಖಲೆಯಿಂದ ಕೆಲಸದ ಸ್ವರೂಪ ತಿಳಿಯುತ್ತದೆ: ಒಂದು ಪುಟದ ಕೆಲಸಗಳೇ ಹೆಚ್ಚೋ, ಇಪ್ಪತ್ತು ಪುಟದವೋ ಎಂಬುದು. ಡ್ಯುಪ್ಲೆಕ್ಸ್ ಎಲ್ಲಿ ಬೇಕು ಎಂದು ನಿರ್ಧರಿಸಲು ನನಗೆ ಬೇಕಾದದ್ದು ಇದೇ. ಈಚಿನ ವಿಂಡೋಸ್‌ನಲ್ಲಿ ಕಡತದ ಹೆಸರು ದಾಖಲಾಗುವುದಿಲ್ಲ, ಬೇಕೆಂದರೆ ಬೇರೆ ಅನುಮತಿ ಕೊಡಬೇಕು; ಕೊಡಬೇಡಿ. ಸದಸ್ಯರ ಹೆಸರಿನಲ್ಲೇ ಕಡತಗಳಿರುತ್ತವೆ, ಅವು ಇನ್ನೊಂದು ಕಡೆ ದಾಖಲಾಗುವ ಅಗತ್ಯವಿಲ್ಲ. ಸಿಬ್ಬಂದಿಗೂ ಮೊದಲೇ ತಿಳಿಸಿ, ಇದು ಯಾರನ್ನೂ ಹಿಡಿಯುವುದಕ್ಕಲ್ಲ ಎಂದು.

ರಿಪೇರಿಯ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ‘ಯಂತ್ರ ಹಳೆಯದಾಯಿತು’ ಎಂಬ ಮಾತು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ನಿಮ್ಮ ಸಾಲ ವಿಭಾಗದ ಬಿಲ್ಲುಗಳಲ್ಲಿ ‘ಪೇಪರ್ ಜಾಮ್’ ಎಂದು ಮೂರು ಸಲ ಇದೆ, ರೋಲರ್ ಬದಲಿಸಿದ್ದು ಒಮ್ಮೆಯೂ ಇಲ್ಲ. ವಿಜಯಪುರದ ಬೇಸಿಗೆಯ ಧೂಳು, ಕಾಗದದ ಹುಡಿ ಸೇರಿ ಹಾಳೆ ಎಳೆಯುವ ಪಿಕಪ್ ರೋಲರ್ ನುಣುಪಾಗುತ್ತದೆ. ಹಾಳೆ ಜಾರುತ್ತದೆ, ಇಲ್ಲವೇ ಎರಡೆರಡು ಬರುತ್ತವೆ. ರೋಲರ್ ಮತ್ತು ಅದರ ಎದುರಿನ, ಹಾಳೆಗಳನ್ನು ಬೇರ್ಪಡಿಸುವ ಸೆಪರೇಶನ್ ಪ್ಯಾಡ್ ಸಣ್ಣ ಖರ್ಚಿನ ಭಾಗಗಳು. ಬೆಳಗಾವಿಯ ಮಳೆಗಾಲದಲ್ಲಿ ಇದೇ ತೊಂದರೆಗೆ ಬೇರೆ ಕಾರಣ, ತೇವ ಹೀರಿ ಬಾಗಿದ ಕಾಗದ; ಅಲ್ಲಿ ತೆರೆದ ರೀಮನ್ನು ಹೊದಿಕೆಯಲ್ಲೇ ಮುಚ್ಚಿಡಿ ಎನ್ನುತ್ತೇನೆ.

ಕಲೆ ಬಿದ್ದ ಹಾಳೆಯನ್ನು ಎಸೆಯಬೇಡಿ. ಕೌಂಟರಿನ ಯಂತ್ರದ್ದೆಂದು ನೀವು ಒಂದು ಹಾಳೆ ಕಳುಹಿಸಿದ್ದೀರಲ್ಲ, ಎಡ ಅಂಚಿನಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ ಮೇಲಿಂದ ಕೆಳಗೆ ನಾಲ್ಕು ಕಡೆ ಇದೆ. ಸ್ಕೇಲ್ ಇಟ್ಟು ನೋಡಿದೆ. ಚುಕ್ಕೆಯಿಂದ ಚುಕ್ಕೆಗೆ 75 ಮಿಲಿಮೀಟರ್. ಈ ಗಾತ್ರದ ಲೇಸರ್‌ಗಳಲ್ಲಿ ಸಾಮಾನ್ಯವಾಗಿ ಡ್ರಮ್‌ನ ವ್ಯಾಸ ಸುಮಾರು 24 ಮಿಲಿಮೀಟರ್, ಸುತ್ತಳತೆ 75. ಡ್ರಮ್ ಒಂದು ಸುತ್ತು ಬಂದಾಗಲೆಲ್ಲ ಅದರ ಮೇಲಿನ ಗೀರು ಹಾಳೆಗೆ ಒತ್ತುತ್ತಿದೆ. ಕೆಟ್ಟಿರುವುದು 250 ರೂಪಾಯಿಯ ಡ್ರಮ್, ಯಂತ್ರವಲ್ಲ. ಅಂತರ ಬೇರೆ ಬಂದರೆ ಬೇರೆ ರೋಲರ್. ಮುದ್ರಣ ಕೈಗೆ ಅಳಿಸಿ ಬಂದರೆ ಕಾಯಿಸುವ ಭಾಗದ ಟೆಫ್ಲಾನ್ ಹೊದಿಕೆ ನೋಡಿಸಿ. ಮುಖ್ಯ ಬೋರ್ಡ್ ಸುಟ್ಟರೆ ಮಾತ್ರ, ಹಳೆಯ ಯಂತ್ರಕ್ಕೆ ಮತ್ತೆ ಹಣ ಹಾಕಬೇಡಿ. ರಿಪೇರಿ ವಹಿಯಲ್ಲಿ ದಿನಾಂಕ, ತೊಂದರೆ, ಬದಲಿಸಿದ ಭಾಗ, ಮೊತ್ತದ ಜೊತೆಗೆ ಆ ದಿನದ ಮೀಟರ್ ಅಂಕಿಗೂ ಒಂದು ಕಲಂ ಇರಲಿ.

ಬಣ್ಣದ ಇಂಕ್ ಟ್ಯಾಂಕ್ ಯಂತ್ರಗಳು ಎರಡಿವೆ, ಪ್ರಧಾನ ಕಚೇರಿಯಲ್ಲಿ ಒಂದು, ಸಿಂದಗಿಯಲ್ಲಿ ಒಂದು. ಪುಟದ ವೆಚ್ಚದಲ್ಲಿ ಇವು ಲೇಸರ್‌ಗಿಂತ ಅಗ್ಗ. ಆದರೆ ದಿನಗಟ್ಟಲೆ ಮುದ್ರಿಸದೆ ಬಿಟ್ಟರೆ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಶಾಯಿ ಚಿಮ್ಮಿಸುವ ಹೆಡ್ ಒಣಗುತ್ತದೆ, ತೊಳೆಯುವುದಕ್ಕೇ ಶಾಯಿ ಖರ್ಚಾಗುತ್ತದೆ. ಡೈ ಶಾಯಿಯ, ಅಂದರೆ ಬಣ್ಣ ಪೂರ್ತಿ ಕರಗಿರುವ ಶಾಯಿಯ, ಮುದ್ರಣ ನೀರು ತಗುಲಿದರೆ ಹರಡುತ್ತದೆ. ಠೇವಣಿ ಪತ್ರ, ಸಾಲದ ಕರಾರುಗಳನ್ನು ಅದರಲ್ಲಿ ತೆಗೆಯಬೇಡಿ. ಬಣ್ಣ ಸಣ್ಣ ಕಣಗಳಾಗಿರುವ ಪಿಗ್ಮೆಂಟ್ ಶಾಯಿಯದ್ದಾದರೆ ಆ ಭಯವಿಲ್ಲ. ಇವುಗಳ ಒಂದು ದೊಡ್ಡ ಅನುಕೂಲ ವಿದ್ಯುತ್ತಿನದು. ಲೇಸರ್ ಯಂತ್ರ ಮಸಿಯನ್ನು ಕಾಯಿಸಿ ಅಂಟಿಸುವಾಗ ನೂರಾರು ವ್ಯಾಟ್ ಎಳೆಯುತ್ತದೆ, ಸಣ್ಣ ಯುಪಿಎಸ್ ಮೇಲೆ ಅದನ್ನು ಹಾಕಲೇಬಾರದು. ಇಂಕ್ ಟ್ಯಾಂಕಿಗೆ ಹತ್ತಿಪ್ಪತ್ತು ವ್ಯಾಟ್ ಸಾಕು. ಕರೆಂಟ್ ಪದೇ ಪದೇ ಹೋಗುವ ಶಾಖೆಯ ಲೇಸರ್ ಮುಂದೆಂದಾದರೂ ಕೆಟ್ಟರೆ ಅಲ್ಲಿಗೆ ಪಿಗ್ಮೆಂಟ್ ಶಾಯಿಯ ಕಪ್ಪು ಬಿಳುಪು ಇಂಕ್ ಟ್ಯಾಂಕ್ ಯೋಚಿಸಿ. ಪಾಸ್‌ಬುಕ್‌ನ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳನ್ನು ಮುಟ್ಟಬೇಡಿ. ಆ ಕೆಲಸಕ್ಕೆ ಅವೇ ಸರಿ, ರಿಬ್ಬನ್ನೂ ಅಗ್ಗ.

ಈಗ ಬಾಡಿಗೆಯ ಪ್ರಸ್ತಾವ. ಹನ್ನೊಂದು ಯಂತ್ರ, ತಲಾ 2,000 ಪುಟ, 75 ಪೈಸೆ: ತಿಂಗಳಿಗೆ 16,500, ವರ್ಷಕ್ಕೆ 1,98,000 ರೂಪಾಯಿ, ಒಂದು ಪುಟ ಮುದ್ರಿಸದಿದ್ದರೂ. ಕಾಗದ ಬೇರೆ. ಇಂಡಿ ಶಾಖೆ 350 ಪುಟಕ್ಕೆ 1,500 ರೂಪಾಯಿ ಕೊಡಬೇಕಾಗುತ್ತದೆ, ಪುಟಕ್ಕೆ ನಾಲ್ಕು ರೂಪಾಯಿಯ ಮೇಲೆ. ಈಗ ಅಲ್ಲಿ ಕಾಗದ ಬಿಟ್ಟು 57 ಪೈಸೆ ಬೀಳುತ್ತಿದೆ. ರಿಪೇರಿಯಲ್ಲೇ ನಲುಗಿರುವ ಸಾಲ ವಿಭಾಗದ ಯಂತ್ರಕ್ಕೂ ಕಾಗದ ಬಿಟ್ಟರೆ 66 ಪೈಸೆಯೇ.

ಹಾಲ್‌ನಲ್ಲಿರುವ ಝೆರಾಕ್ಸ್ ಯಂತ್ರದ ಮಾತು ಬೇರೆ. ಟೋನರ್, ಡ್ರಮ್, ರಿಪೇರಿ ಸೇರಿ ಕಳೆದ ವರ್ಷ 46,000 ರೂಪಾಯಿ ನುಂಗಿದೆ. 50,400 ಪುಟಕ್ಕೆ ಹಂಚಿದರೆ 91 ಪೈಸೆ. ಅದೇ ಪುಟಗಳಿಗೆ ಬಾಡಿಗೆ ದರದಲ್ಲಿ 37,800 ರೂಪಾಯಿ. ವರ್ಷಕ್ಕೆ 8,200 ಉಳಿತಾಯ, ನಿಮ್ಮ ಬಂಡವಾಳವಿಲ್ಲದೆ. ಇದೊಂದಕ್ಕೆ ಒಪ್ಪಿಕೊಳ್ಳಿ, ಆದರೆ ಐದರ ಬದಲು ಮೂರು ವರ್ಷ ಕೇಳಿ. ಎರಡೂ ಬದಿ ಮುದ್ರಿಸಿದರೆ ಮೀಟರಿನಲ್ಲಿ ಎರಡು ಎಂದೇ ಎಣಿಸುತ್ತದೆ, ಅದು ಸಹಜ. ಎ3 ಹಾಳೆಗೆ ಎಷ್ಟು, ಸ್ಕ್ಯಾನ್‌ಗೆ ಹಣವಿದೆಯೇ, ಕೆಟ್ಟಾಗ ಎಷ್ಟು ಗಂಟೆಯಲ್ಲಿ ಬರುತ್ತಾರೆ, ಬಾರದಿದ್ದರೆ ಆ ತಿಂಗಳ ಕನಿಷ್ಠ ಮೊತ್ತದಲ್ಲಿ ಎಷ್ಟು ಕಡಿತ ಎಂಬುದೆಲ್ಲ ಕರಾರಿನಲ್ಲಿ ಬರೆದಿರಲಿ. ಯಂತ್ರ ಬಂದ ದಿನವೇ ಐಡಿ ಕಾಪಿ ಗುಂಡಿಯನ್ನು ಸಿಬ್ಬಂದಿಗೆ ತೋರಿಸಿ. ಸಾಲದ ಫೈಲಿಗೆ ಆಧಾರ್ ಕಾರ್ಡಿನ ಮುಂದು, ಹಿಂದು ಎರಡು ಹಾಳೆಯಲ್ಲಿ ತೆಗೆಯುತ್ತಿರುವುದು ನೀವು ಕಳುಹಿಸಿದ ಮಾದರಿಯಲ್ಲಿ ಕಾಣುತ್ತದೆ. ಆ ಗುಂಡಿ ಒತ್ತಿದರೆ ಎರಡೂ ಒಂದೇ ಬದಿಯಲ್ಲಿ ಬರುತ್ತವೆ, ಮೀಟರಿನಲ್ಲೂ ಒಂದೇ ಪುಟ.

ಹಳೆಯ ಝೆರಾಕ್ಸ್ ಯಂತ್ರವನ್ನು ಹಾಗೆಯೇ ಗುಜರಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್, ಕಾರ್ಟ್ರಿಡ್ಜ್, ನಕಲು ಯಂತ್ರ ಎಲ್ಲವೂ ಇವೆ. ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆದು, ನಿರುಪಯುಕ್ತ ಎಂದು ಠರಾವು ಮಾಡಿ ಆಸ್ತಿ ವಹಿಯಿಂದ ತೆಗೆಯಿರಿ. ಅದಕ್ಕೂ ಮೊದಲು ಅದರೊಳಗೆ ಹಾರ್ಡ್ ಡಿಸ್ಕ್ ಇದೆಯೇ ಎಂದು ರಿಪೇರಿಯವರಿಂದ ತೆರೆಸಿ ನೋಡಿ. ಈ ದರ್ಜೆಯ ಎಷ್ಟೋ ಯಂತ್ರಗಳಲ್ಲಿ ಇರುತ್ತದೆ. ನಿಮ್ಮ ಸದಸ್ಯರ ಆಧಾರ್, ಪಹಣಿ ಉತಾರೆಗಳ ನಕಲು ಅದರಲ್ಲಿ ಉಳಿದಿರಬಹುದು. ಇದ್ದರೆ ಡಿಸ್ಕನ್ನು ಬಿಚ್ಚಿಸಿ ಸಂಘದಲ್ಲೇ ಇಟ್ಟುಕೊಂಡು, ಯಂತ್ರವನ್ನು ಮಾತ್ರ ಕಳುಹಿಸಿ. ಬಾಡಿಗೆಗೆ ಬರುವ ಹೊಸ ಯಂತ್ರ ವಾಪಸ್ಸು ಹೋಗುವಾಗಲೂ ಡಿಸ್ಕ್ ಅಳಿಸಿ ಲಿಖಿತ ದೃಢೀಕರಣ ಕೊಡಬೇಕು ಎಂಬ ಸಾಲನ್ನು ಈಗಲೇ ಕರಾರಿಗೆ ಸೇರಿಸಿ.